ಪದಕ ಬಂತು, ಪಹಣಿ ಬರಲಿಲ್ಲ: ಹಾಲಕ್ಕಿಗಳ ನೆಲ ಮತ್ತು ಗುರುತಿನ ಪ್ರಶ್ನೆ

2024ರ ಡಿಸೆಂಬರ್ 16ರಂದು ತುಳಸಿ ಗೌಡ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಸುಕ್ರಿ ಬೊಮ್ಮ ಗೌಡ ಹೋದರು. ಇಬ್ಬರೂ ಉತ್ತರ ಕನ್ನಡದ ಅಂಕೋಲಾ ತಾಲೂಕಿನವರು, ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದವರು. ಹೊನ್ನಳ್ಳಿಯ ತುಳಸಿ ಗೌಡರು ಗಿಡ ಬೆಳೆಸಿದರು. ಬಡಗೇರಿಯ ಸುಕ್ರಿಯವರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದರು, ತಮ್ಮವರ ಊರುಗಳಲ್ಲಿ ಸಾರಾಯಿ ವಿರೋಧಿ ಹೋರಾಟ ಕಟ್ಟಿದರು. ಸುಕ್ರಿಯವರಿಗೆ 2017ರಲ್ಲಿ, ತುಳಸಿಯವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ತೊಟ್ಟು ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ನಡೆದುಹೋದ ತುಳಸಿ ಗೌಡರ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಅವರು ತೀರಿಕೊಂಡಾಗ ಬಂದ ಸಂತಾಪ ಸಂದೇಶಗಳಲ್ಲೂ ಅದೇ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಆ ಸಂದೇಶಗಳಲ್ಲಿ ಒಂದು ಮಾತು ಮಾತ್ರ ಬರಲಿಲ್ಲ. ಇವರಿಬ್ಬರನ್ನು ರೂಪಿಸಿದ ಸಮುದಾಯವು ತಲೆಮಾರುಗಳಿಂದ ನೋಡಿಕೊಂಡು ಬಂದ ನೆಲದ ಮೇಲೆ ಅದಕ್ಕಿರುವ ಹಕ್ಕು ಎಷ್ಟು ಎಂಬ ಮಾತು ಅದು. ನಮ್ಮ ವ್ಯವಸ್ಥೆ ಹಾಲಕ್ಕಿಗಳ ಅರಿವನ್ನು ಒಬ್ಬೊಬ್ಬ ವ್ಯಕ್ತಿಯ ಪ್ರತಿಭೆಯೆಂದು ಗುರುತಿಸಿ ಗೌರವಿಸಿದೆ. ಅದೇ ಅರಿವು ಇಡೀ ಸಮುದಾಯದ ಆಸ್ತಿಯೆಂದೂ ನೆಲದ ಮೇಲಿನ ಹಕ್ಕಿಗೆ ಅದೇ ಸಾಕ್ಷಿಯೆಂದೂ ಒಪ್ಪಿಕೊಳ್ಳುವ ಹೊತ್ತಿಗೆ ಕಾಗದ ಕೇಳಿದೆ. ಹಾಡು, ಕಟ್ಟು (ಗದ್ದೆ ಕಾಯುವ ಮಣ್ಣಿನ ಒಡ್ಡು) ಮತ್ತು ಗಿಡಗಳಲ್ಲಿ ತನ್ನ ಚರಿತ್ರೆಯನ್ನು ಬರೆದಿಟ್ಟುಕೊಂಡ ಜನರಿಂದ ಕಾಗದ ಕೇಳಿದರೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಹಾಲಕ್ಕಿಗಳಿರುವುದು ಮುಖ್ಯವಾಗಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲೂಕುಗಳಲ್ಲಿ. ಒಂದು ಕಡೆ ಸಹ್ಯಾದ್ರಿಯ ಬುಡ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಸೀಳಿಕೊಂಡು ಹೋಗುವ ಕಿರಿದಾದ ನೆಲಪಟ್ಟಿ. ಅವರ ವಸತಿಗಳಿಗೆ ಕೊಪ್ಪ ಎಂದು ಹೆಸರು. ಬತ್ತದ ಗದ್ದೆಯ ಅಂಚಿನಲ್ಲಿ, ಗುಡ್ಡದ ಇಳಿಜಾರು ಮುಗಿಯುವಲ್ಲಿ, ಒಂದಕ್ಕೊಂದು ಹತ್ತಿರವಾಗಿರುವ ಮನೆಗಳು. ಪ್ರತಿ ಅಂಗಳದಲ್ಲೂ ತುಳಸಿಕಟ್ಟೆ. ಕೊಪ್ಪದಲ್ಲಿ ನಿಂತು ನೋಡಿದರೆ ಹಾಲಕ್ಕಿಯ ಬದುಕಿಗೆ ಬೇಕಾದ ನಾಲ್ಕು ಬಗೆಯ ನೆಲವೂ ಕಣ್ಣಳತೆಯಲ್ಲೇ ಇರುತ್ತದೆ: ಮೇಲೆ ಸೊಪ್ಪು, ಸೌದೆ, ದರಕು (ಒಣಗಿದ ಎಲೆ) ತರುವ ಕಾಡು, ಅದರ ಕೆಳಗೆ ದನ ಮೇಯುವ ಬೇಣ, ಮನೆಯ ಹತ್ತಿರ ಬತ್ತ ಮತ್ತು ತರಕಾರಿಯ ಗದ್ದೆ, ಕೊನೆಯಲ್ಲಿ ಹೊಳೆ ಸಮುದ್ರವನ್ನು ಕೂಡುವಲ್ಲಿ ಉಪ್ಪುನೀರು ಹತ್ತಿಳಿಯುವ ಗಜನಿ. ಕಂದಾಯ ಇಲಾಖೆ, ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ ಎಂದು ಸರ್ಕಾರ ಹಂಚಿಕೊಂಡಿರುವ ಈ ನೆಲ ಅವರ ಪಾಲಿಗೆ ಒಂದೇ ಹಿಡುವಳಿ. ಮುಂದಿನ ಎಲ್ಲ ತೊಡಕಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಈ ಹಿಡುವಳಿಯ ಸಾರವನ್ನು ನೋಡಬೇಕೆಂದರೆ ಅಂಕೋಲಾ ಅಥವಾ ಕುಮಟಾದ ಪೇಟೆಗೆ ಬೆಳಗ್ಗೆ ಬೇಗ ಹೋಗಬೇಕು. ಬುಟ್ಟಿಯ ಮುಂದೆ ಕೂತ ಹಾಲಕ್ಕಿ ಹೆಂಗಸು ಹರಿವೆ ಸೊಪ್ಪಿನ ಕಟ್ಟುಗಳನ್ನು ಬೇರು ಒಳಗಾಗುವಂತೆ ಸುತ್ತಲೂ ಜೋಡಿಸಿ, ಮೇಲೆ ನೀರು ಚಿಮುಕಿಸುತ್ತಾಳೆ. ಕಟ್ಟು ಬಿಗಿದಿರುವುದು ಬಾಳೆನಾರಿನಿಂದ. ಪಕ್ಕದಲ್ಲಿ ಬಸಳೆ, ಎಳೆ ಸೌತೆ, ನಾಲ್ಕೈದು ಬದನೆ, ಮಳೆಗಾಲವಾದರೆ ಕಾಡಿನಿಂದ ತಂದ ಕಳಲೆ, ಒಂದು ಎಲೆಯಲ್ಲಿ ಬಳಚು ಎಂಬ ಚಿಪ್ಪುಜೀವಿ. ಒಂದೇ ಬುಟ್ಟಿಯಲ್ಲಿ ಕಾಡು, ಗದ್ದೆ, ಹೊಳೆ ಮೂರೂ ಇವೆ. ಚೌಕಾಸಿ ಮಾಡಿದರೆ ಬೆಲೆ ಇಳಿಯುವುದಿಲ್ಲ, ಒಂದು ಕಟ್ಟು ಹೆಚ್ಚಿಗೆ ಬೀಳುತ್ತದೆ. ಹೆಗಲ ಮೇಲಿಂದ ಬಿಗಿದು ಕಟ್ಟಿದ ಸೀರೆ, ಕೊರಳಿಂದ ಎದೆಯವರೆಗೆ ಪದರಪದರವಾಗಿ ಇಳಿದ ಕರಿಮಣಿ ಸರಗಳು ಇಂದು ಹಿರಿಯರಲ್ಲಿ ಮಾತ್ರ ಉಳಿದಿವೆ. ಆ ಉಡುಗೆಯನ್ನು ಮೊಬೈಲಿನಲ್ಲಿ ಸೆರೆಹಿಡಿಯಲು ಬರುವ ಪ್ರವಾಸಿಗರಿಗೆ ಬುಟ್ಟಿಯಲ್ಲಿ ಏನಿದೆ ಎಂಬುದು ಕಾಣುವುದು ಅಪರೂಪ.

ಸಮುದಾಯದ ಒಳಗಿನ ಆಡಳಿತವೂ ಬರವಣಿಗೆಯಿಲ್ಲದೆ ನಡೆದುಬಂದದ್ದು. ಕೊಪ್ಪಕ್ಕೆ ಒಬ್ಬ ಊರಗೌಡ, ಅವನಿಗೆ ಸಲಹೆ ಕೊಡಲು ಬುಧವಂತ, ಸುದ್ದಿ ಮುಟ್ಟಿಸಿ ಜನರನ್ನು ಸೇರಿಸಲು ಕೋಲಕಾರ. ಇವರ ಮೇಲೆ ಹಲವು ಕೊಪ್ಪಗಳನ್ನು ಒಳಗೊಂಡ ಸೀಮೆ, ಅದಕ್ಕೊಬ್ಬ ಸೀಮೆಗೌಡ. ಮದುವೆಯ ಸಂಬಂಧ ನೋಡುವಾಗ ಬಳಿ, ಎಂದರೆ ಕುಲ, ಕೇಳುತ್ತಾರೆ. ಒಂದೇ ಬಳಿಯವರು ಅಣ್ಣತಮ್ಮಂದಿರ ಲೆಕ್ಕ. ಜಗಳ, ಮದುವೆ, ಹಬ್ಬದ ಸರದಿ, ಯಾವ ಕೊಪ್ಪದವರು ಯಾವ ಗುಡ್ಡದಲ್ಲಿ ಸೊಪ್ಪು ಕೊಯ್ಯಬೇಕು ಎಂಬುದೆಲ್ಲ ಈ ಕಟ್ಟೆಯಲ್ಲೇ ತೀರ್ಮಾನವಾಗುತ್ತಿತ್ತು. ಇದನ್ನು ಹಳೆಯ ಕಾಲದ ಪ್ರಜಾಪ್ರಭುತ್ವ ಎಂದು ಕೊಂಡಾಡುವ ಬರಹಗಳೂ ಇವೆ, ಆದರೆ ಆ ಎಲ್ಲ ಸ್ಥಾನಗಳಲ್ಲೂ ಗಂಡಸರೇ ಇದ್ದರು ಎಂಬುದನ್ನು ಮರೆಯಬಾರದು. ಸಾರಾಯಿಯ ವಿರುದ್ಧ ನಿಲ್ಲಲು ಸುಕ್ರಿಯಂಥ ಹೆಣ್ಣುಮಗಳು ಈ ಕಟ್ಟೆಯ ಹೊರಗೇ ದನಿ ಎತ್ತಬೇಕಾಯಿತು.

ಕಟ್ಟೆಯ ಅಧಿಕಾರ ಈಗ ಬಹುಪಾಲು ಪಂಚಾಯಿತಿಗೂ ನ್ಯಾಯಾಲಯಕ್ಕೂ ಹೋಗಿದೆ. ಅದು ಇನ್ನೂ ಮೈದುಂಬಿ ಕಾಣುವುದು ಫಾಲ್ಗುಣದ ಸುಗ್ಗಿಯಲ್ಲಿ. ಬೆಂಡಿನ ಹೂವು, ಬಣ್ಣದ ಕಾಗದ, ಹಕ್ಕಿಗಳ ಆಕಾರಗಳಿಂದ ಕಟ್ಟಿದ ತುರಾಯಿಯನ್ನು ತಲೆಯ ಮೇಲೆ ಹೊತ್ತ ಗಂಡಸರು ತಂಡವಾಗಿ ಮನೆಯಿಂದ ಮನೆಗೆ, ಕೊಪ್ಪದಿಂದ ಕೊಪ್ಪಕ್ಕೆ ಕುಣಿಯುತ್ತ ಹೋಗುತ್ತಾರೆ. ಯಾವ ಮನೆಯಿಂದ ಶುರು, ಯಾವ ದಾರಿಯಲ್ಲಿ ಸಾಗಬೇಕು, ಯಾರ ಅಂಗಳದಲ್ಲಿ ಎಷ್ಟು ಹೊತ್ತು ಎಂಬುದಕ್ಕೆಲ್ಲ ಕಟ್ಟಳೆ ಇದೆ. ಹೊರಗಿನವರಿಗೆ ಇದು ಜಾನಪದ ಕಲೆ. ಆದರೆ ಸ್ವಲ್ಪ ಗಮನವಿಟ್ಟು ನೋಡಿದರೆ, ಅದು ವರ್ಷಕ್ಕೊಮ್ಮೆ ಸೀಮೆಯ ಗಡಿಯನ್ನು ಕಾಲಿನಿಂದ ಅಳೆಯುವ ಸರ್ವೆ ಕಾರ್ಯವೂ ಹೌದು. ಸರ್ವೆ ಇಲಾಖೆಯ ನಕ್ಷೆಯಲ್ಲಿ ಇಲ್ಲದ ಗಡಿಕಲ್ಲುಗಳು ಸುಗ್ಗಿಯ ದಾರಿಯಲ್ಲಿವೆ.

ಇಲ್ಲೊಂದು ಮಾತು ಹೇಳಿ ಮುಂದುವರಿಯುತ್ತೇನೆ. ಹಾಲಕ್ಕಿಗಳ ಗುಮಟೆ ಪಾಂಗ್ ಎಂಬ ಹಾಡು-ವಾದ್ಯದ ಕಲೆಯ ಜೀವಾಳ ಗುಮಟೆ. ಮಣ್ಣಿನ ಮಡಕೆಯ ಒಂದು ಬಾಯಿಗೆ ಉಡದ ಚರ್ಮ ಬಿಗಿದು ಮಾಡುವ ವಾದ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಕೊಲ್ಲುವುದು ಅಪರಾಧ, ಅದು ಇರಬೇಕಾದದ್ದೂ ಹೌದು. ಪಕ್ಕದ ಗೋವಾದಲ್ಲಿ ಇದೇ ವಾದ್ಯಕ್ಕೆ ಘುಮಟ್ ಎಂದು ಹೆಸರು. ಅಲ್ಲಿ ಆಡಿನ ಚರ್ಮದ ಬಳಕೆ ರೂಢಿಗೆ ಬಂದು, 2019ರಲ್ಲಿ ರಾಜ್ಯ ಸರ್ಕಾರ ಅದನ್ನು ಪಾರಂಪರಿಕ ವಾದ್ಯವೆಂದು ಘೋಷಿಸಿತು. ಒಂದೇ ಕರಾವಳಿ, ಒಂದೇ ವಾದ್ಯ. ಗಡಿಯ ಆಚೆ ಕಾಯ್ದೆಗೂ ಪರಂಪರೆಗೂ ಹೊಂದಾಣಿಕೆಯ ದಾರಿ ಹುಡುಕಿದರು. ಈಚೆ ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿದ ಮೇಲೆ ಆ ವಿಷಯ ಯಾರಿಗೂ ಬೇಡವಾಯಿತು.

ಗಜನಿಗೆ ಬರೋಣ. ನೆಲವನ್ನು ನೋಡಿಕೊಳ್ಳುವುದು ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಘನಾಶಿನಿ ಹೊಳೆ ಕುಮಟಾದ ಬಳಿ ಅಳಿವೆಯಾಗಿ ಹರಡಿಕೊಳ್ಳುವಲ್ಲಿ, ಮಾಣಿಕಟ್ಟಾದ ಸುತ್ತಮುತ್ತ, ಕಗ್ಗ ಎಂಬ ಬತ್ತದ ತಳಿ ಬೆಳೆಯುತ್ತದೆ. ಉಪ್ಪುನೀರನ್ನು ತಡೆದುಕೊಳ್ಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ, ಎತ್ತರದ ದಂಟಿನ ತಳಿ ಅದು. ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದು ಇಳಿಸುವವರೆಗೆ ಕಾಯಬೇಕು. ಮೊಳಕೆ ಬರಿಸಿದ ಬೀಜವನ್ನು ಆಮೇಲೆ ಬಿತ್ತಬೇಕು. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ, ಏಕೆಂದರೆ ನೆರೆ ತಂದ ಹೂಳೇ ಗೊಬ್ಬರ. ಕೊಯ್ಲು ಮುಗಿದ ಮೇಲೆ ತೂಬಿನ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಉಳಿದ ದಂಟು ಕೊಳೆತು ಮೀನು, ಸೀಗಡಿಗೆ ಆಹಾರವಾಗುತ್ತದೆ. ಅವು ಉಳಿಸಿದ್ದು ಮುಂದಿನ ಬತ್ತಕ್ಕೆ ಸಾರವಾಗುತ್ತದೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ತಮ್ಮ ಪಾಲು ತೆಗೆದುಕೊಂಡು ಹೋಗುತ್ತವೆ. ಕಗ್ಗವನ್ನು ಹಾಲಕ್ಕಿಗಳು ಮಾತ್ರ ಬೆಳೆಯುತ್ತಾರೆಂದು ಹೇಳಿದರೆ ಪಟಗಾರ ಸಮುದಾಯದವರಿಗೂ ಉಳಿದವರಿಗೂ ಅನ್ಯಾಯವಾದೀತು. ಅಳಿವೆಯ ಬದುಕು ಯಾವತ್ತೂ ಒಂದೇ ಜಾತಿಯದ್ದಾಗಿರಲಿಲ್ಲ.

ಈ ವ್ಯವಸಾಯದ ಮರ್ಮ ಬೀಜದಲ್ಲಿ ಎಷ್ಟಿದೆಯೋ ಕಟ್ಟಿನಲ್ಲಿ ಅದಕ್ಕಿಂತ ಹೆಚ್ಚಿದೆ. ಹೊಳೆಗೂ ಗದ್ದೆಗೂ ನಡುವೆ ಕೆಸರುಮಣ್ಣಿನಿಂದ ಏರಿಸಿದ ಒಡ್ಡು ಅದು. ಏಡಿ ಕೊರೆದ ಒಂದು ಬಿಲ ಸಾಕು, ಒಂದು ಉಬ್ಬರದಲ್ಲಿ ಅದು ಬಾಯಿ ಬಿಟ್ಟು, ನೂರಾರು ಎಕರೆಗೆ ಉಪ್ಪುನೀರು ನುಗ್ಗುತ್ತದೆ. ಕಟ್ಟು ಒಡೆದರೆ ಮುಳುಗುವುದು ಒಬ್ಬನ ಗದ್ದೆಯಲ್ಲವಾದ್ದರಿಂದ ಅದರ ದುರಸ್ತಿಯೂ ಒಬ್ಬನ ಕೆಲಸವಾಗಿರಲಿಲ್ಲ. ನೀರು ಇಳಿದ ಹೊತ್ತು ನೋಡಿ ಎಲ್ಲ ಮನೆಯವರೂ ಇಳಿಯುತ್ತಿದ್ದರು. ಕೆಳಗೆ ನಿಂತವನು ಕೆಸರಿನ ಹೆಂಟೆಯನ್ನು ಕತ್ತರಿಸಿ ಕೈಯಿಂದ ಕೈಗೆ ದಾಟಿಸುತ್ತಿದ್ದ, ಮೇಲೆ ನಿಂತವನು ಅದನ್ನು ಒತ್ತಿ ಕೂರಿಸಿ ಕಾಲಿನಿಂದ ತುಳಿಯುತ್ತಿದ್ದ, ನೀರು ಮತ್ತೆ ಏರುವ ಮೊದಲು ಎಲ್ಲರೂ ಮೇಲೆ ಬರುತ್ತಿದ್ದರು. ದಿನಕ್ಕೆ ಎರಡು ಸಲ ಬರುವ ಉಬ್ಬರವೇ ಅಲ್ಲಿ ಮೇಸ್ತ್ರಿ.

1970ರ ದಶಕದಿಂದ ಸರ್ಕಾರವೇ ಕಲ್ಲು ಕಟ್ಟಿ ಶಾಶ್ವತ ಒಡ್ಡುಗಳನ್ನು ನಿರ್ಮಿಸಲು ತೊಡಗಿತು. ಉದ್ದೇಶ ಒಳ್ಳೆಯದೇ ಇತ್ತು. ಪ್ರತಿ ವರ್ಷದ ಶ್ರಮ ತಪ್ಪಿತು, ಅದರೊಂದಿಗೆ ಪ್ರತಿ ವರ್ಷ ಎಲ್ಲರೂ ಸೇರಬೇಕಾದ ಕಾರಣವೂ ತಪ್ಪಿತು. ಒಡ್ಡು ಇಲಾಖೆಯದ್ದಾಯಿತು, ಒಡೆದರೆ ಅರ್ಜಿ ಬರೆದು ಕಾಯಬೇಕಾಯಿತು. 1990ರ ದಶಕದಲ್ಲಿ ಸೀಗಡಿಯ ಹುಚ್ಚು ಬಂದಾಗ, ಹೀಗೆ ಸಡಿಲವಾಗಿದ್ದ ಗಜನಿಗಳು ಸುಲಭವಾಗಿ ಗುತ್ತಿಗೆಗೆ ಹೋದವು. ಕಗ್ಗ ಬಿತ್ತುವವನಿಗೆ ತೂಬಿನ ಬಾಗಿಲು ಮಳೆಗಾಲದಲ್ಲಿ ಮುಚ್ಚಿರಬೇಕು, ಸೀಗಡಿಯವನಿಗೆ ತೆರೆದಿರಬೇಕು. ತೂಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದರ ಮೇಲೆ ಇಡೀ ಬಯಲಿನ ಗತಿ ನಿಂತಿತು. ಆಮೇಲೆ ಬಿಳಿಚುಕ್ಕೆ ರೋಗ ಬಂದು ಸೀಗಡಿಯೂ ನೆಲಕಚ್ಚಿತು. ಕರಾವಳಿ ನಿಯಂತ್ರಣ ವಲಯದಲ್ಲಿ ವಾಣಿಜ್ಯ ಸೀಗಡಿ ಕೆರೆಗಳಿಗೆ ಕಡಿವಾಣ ಹಾಕಿದ ಸುಪ್ರೀಂ ಕೋರ್ಟಿನ ತೀರ್ಪು 1996ರ ಡಿಸೆಂಬರಿನಲ್ಲಿ ಬಂತು. ಅಷ್ಟರಲ್ಲಿ ಹಲವು ಗದ್ದೆಗಳು ಬತ್ತದ ನೆನಪನ್ನೇ ಕಳೆದುಕೊಂಡಿದ್ದವು. ಇಂಥದ್ದೇ ಉಪ್ಪುನೆಲದ ಕೇರಳದ ಪೊಕ್ಕಾಳಿ ಅಕ್ಕಿಗೆ 2008ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ಅದು ಅಂಗಡಿಯ ಹೆಸರಾದಾಗ, ಕಗ್ಗ ಇನ್ನೂ ಕೆಲವು ಮನೆಗಳ ಕಣಜದಲ್ಲಿ ಉಳಿದ ಬೀಜವಾಗಿತ್ತು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. 4,801 ಹೆಕ್ಟೇರ್ ಈ ಪಟ್ಟಿಯಲ್ಲಿದೆ. ಸಂತೋಷದ ವಿಷಯ. ಆದರೆ ಇಲ್ಲಿಯೂ ಮಾನ್ಯತೆ ಸಿಕ್ಕಿದ್ದು ಅಳಿವೆಗೆ. ಕಟ್ಟು ಕಾಯ್ದು, ಬಳಚು ಹೆಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಉಳಿಸಿಕೊಂಡ ಜನರ ಹೆಸರು ಆ ದಾಖಲೆಯಲ್ಲಿ ಫಲಾನುಭವಿಗಳ ಸಾಲಿನಲ್ಲಿ ಬರಬಹುದೇ ಹೊರತು ಹಕ್ಕುದಾರರ ಸಾಲಿನಲ್ಲಿ ಅಲ್ಲ.

ಕಾಡಿನ ಕತೆ ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಆಡಳಿತ ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯವನ್ನು ಹಂತಹಂತವಾಗಿ ನಿಷೇಧಿಸಿ, ತೇಗಕ್ಕೆ ಬೆಲೆ ಬಂದ ಮೇಲೆ ಜಿಲ್ಲೆಯ ಬಹುಪಾಲು ಕಾಡನ್ನು ಮೀಸಲು ಅರಣ್ಯವಾಗಿಸಿತು. ಅಡಿಕೆ ತೋಟದ ಒಡೆಯರಿಗೆ ಮಾತ್ರ ತೋಟಕ್ಕೆ ತಕ್ಕಷ್ಟು ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು, ಅದನ್ನು ಕಾಗದದಲ್ಲಿ ಬರೆದರು. ಇಂದಿಗೂ ಬೆಟ್ಟದ ಹಕ್ಕು ಪಹಣಿಯಲ್ಲಿ ಕಾಣುತ್ತದೆ. ಹಾಲಕ್ಕಿಯೂ ಅದೇ ಕಾಡಿನಿಂದ ಅದೇ ಸೊಪ್ಪು ತರುತ್ತಿದ್ದ. ಆದರೆ ಅವನು ತೋಟದ ಒಡೆಯನಲ್ಲ, ಗೇಣಿ ಗದ್ದೆಯ ಒಕ್ಕಲು. ಹಾಗಾಗಿ ತೋಟದವನಿಗೆ ಹಕ್ಕಾದದ್ದು ಇವನಿಗೆ ರಿಯಾಯಿತಿಯಾಯಿತು, ರಿಯಾಯಿತಿ ಮುಂದೆ ಅಪರಾಧವಾಯಿತು. ಉತ್ತರ ಕನ್ನಡದಲ್ಲಿ ಕಾಡಂಚಿನ ಬಡವನನ್ನು ಕರೆಯಲು ಕಚೇರಿಯ ಭಾಷೆಯಲ್ಲಿ ಒಂದೇ ಪದ ಇದೆ: ಅತಿಕ್ರಮಣದಾರ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಕೂಲಿಯಾಗಿ ದುಡಿದು, ಯಾವ ಜಾತಿಯ ಯಾವ ತಾಯಿಮರದಿಂದ ಯಾವ ವಾರದಲ್ಲಿ ಬೀಜ ತೆಗೆಯಬೇಕೆಂದು ಹೇಳಬಲ್ಲವರಾಗಿದ್ದ ತುಳಸಿ ಗೌಡರನ್ನು ವೃಕ್ಷಮಾತೆ ಎಂದೆವು. ಆ ತಾಯಿಮರಗಳನ್ನು ಅವರಿಗೆ ಪರಿಚಯಿಸಿದ ಕೊಪ್ಪಗಳ ಜನರಿಗೆ, ಅವರ ಮನೆ ಅರಣ್ಯದ ಸರ್ವೆ ನಂಬರಿನಲ್ಲಿ ಬಿದ್ದಿದ್ದರೆ, ಇನ್ನೊಂದು ಪದವನ್ನೇ ಬಳಸುತ್ತೇವೆ.

ಗದ್ದೆಯ ವಿಷಯದಲ್ಲಿ ಸ್ವಲ್ಪ ನ್ಯಾಯ ಸಿಕ್ಕಿತು. 1940ರ ದಶಕದಲ್ಲಿ ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿಯಲ್ಲಿ ಅಂಕೋಲೆಯ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿದ್ದರು, ಅವರಲ್ಲಿ ಹಾಲಕ್ಕಿಗಳೂ ಇದ್ದರು. ಆ ಚಳವಳಿಗಾಗಿ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಲಾಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಆದರೆ ಅದಕ್ಕೂ ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಿತ್ತು. ಬಾಯಿಮಾತಿನ ಗೇಣಿಯಲ್ಲಿ ಬದುಕಿದವನಿಗೆ ತಾನು ಗೇಣಿದಾರನೆಂದು ತೋರಿಸಲು ಬೇಕಿದ್ದ ರಸೀದಿ ಒಡೆಯನ ಪೆಟ್ಟಿಗೆಯಲ್ಲಿತ್ತು. ಧೈರ್ಯ ಮಾಡಿದವರಿಗೆ ಭೂಮಿ ಬಂತು. ಒಡೆಯರ ಮೇಲಿನ ಮುಲಾಜಿಗೆ ಸುಮ್ಮನಿದ್ದವರಿಗೆ ಬರಲಿಲ್ಲ. ಬಂದದ್ದೂ ಗದ್ದೆಯಷ್ಟೇ; ಬೇಣ, ಕಾಡು, ಗಜನಿಯ ಸಾಮುದಾಯಿಕ ಬಳಕೆಗೆ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ.

ಆ ಜಾಗವನ್ನು ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ, ಕನಿಷ್ಠ ಅಕ್ಷರದಲ್ಲಿ. ಅದು ಎರಡು ಬಗೆಯ ಜನರನ್ನು ಗುರುತಿಸುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿ ತಮ್ಮ ಅನುಭೋಗದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದವರು ಇತರೆ ಪಾರಂಪರಿಕ ಅರಣ್ಯವಾಸಿಗಳು. ಅವರು ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಕಾಡನ್ನು ಅವಲಂಬಿಸಿ ಬದುಕಿದ್ದನ್ನು ಸಾಬೀತುಪಡಿಸಬೇಕು. ಹಾಲಕ್ಕಿಗಳು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆಯೇ ಹೊರತು ಪರಿಶಿಷ್ಟ ಪಂಗಡದಲ್ಲಿಲ್ಲ. ಆದ್ದರಿಂದ ಅವರು ಎರಡನೆಯ ಸಾಲಿನಲ್ಲಿ ನಿಲ್ಲುತ್ತಾರೆ, 1930ರ ಕಾಗದ ಹುಡುಕುತ್ತ. ಪರಿಶಿಷ್ಟ ಪಂಗಡದ ಬೇಡಿಕೆಯನ್ನು ನಾವು ಸಾಮಾನ್ಯವಾಗಿ ಮೀಸಲಾತಿ, ನೌಕರಿ, ಸೀಟುಗಳ ಪ್ರಶ್ನೆಯಾಗಿ ನೋಡುತ್ತೇವೆ. ಈ ಕರಾವಳಿಯಲ್ಲಿ ಅದು ಮೊದಲು ನೆಲದ ಪ್ರಶ್ನೆ.

ಹಾಗಾದರೆ ದಶಕಗಳಷ್ಟು ಹಳೆಯದಾದ ಈ ಬೇಡಿಕೆ ಏಕೆ ಈಡೇರಿಲ್ಲ? ವಿಧಾನ ಹೀಗಿದೆ: ರಾಜ್ಯ ಸರ್ಕಾರ ಅಧ್ಯಯನ ಮಾಡಿಸಿ ಶಿಫಾರಸು ಮಾಡಬೇಕು, ಭಾರತದ ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಬೇಕು, ಕೊನೆಗೆ ಸಂವಿಧಾನದ 342ನೇ ವಿಧಿಯಡಿ ಸಂಸತ್ತು ಪಟ್ಟಿಯನ್ನು ತಿದ್ದಬೇಕು. ಅಳತೆಗೋಲು ಇಂದಿಗೂ 1965ರ ಲೋಕೂರ್ ಸಮಿತಿಯದ್ದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಮೊದಲ ಪದವನ್ನು ಇಂದು ಯಾವ ಸಮುದಾಯದ ಮುಖಕ್ಕೆ ಹೇಳಿದರೂ ಅವಮಾನ. ಆದರೆ ಹಾಲಕ್ಕಿಗಳಿಗೆ ನಿಜವಾಗಿ ಅಡ್ಡಬರುವುದು ಮೂರನೆಯದೂ ನಾಲ್ಕನೆಯದೂ. ಬುಡಕಟ್ಟು ಎಂದರೆ ದಟ್ಟ ಕಾಡಿನೊಳಗೆ, ದಾರಿಯಿಲ್ಲದ ಬೆಟ್ಟದ ತುದಿಯಲ್ಲಿ ಇರುವವರು ಎಂಬ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆಗೋಲು ಅದು. ಕರಾವಳಿಯಲ್ಲಿ ಅಂಥ ಪ್ರತ್ಯೇಕತೆ ಸಾಧ್ಯವೇ ಇಲ್ಲ. ಅದು ಬಂದರುಗಳ, ಪೇಟೆಗಳ, ತೇರುಗಳ ನಾಡು. ಹಾಲಕ್ಕಿ ಹೆಂಗಸು ಪೇಟೆಯ ನಡುವೆ ಕೂತು ತರಕಾರಿ ಮಾರುತ್ತಾಳೆ. ಸಂಜೆ ಆ ಪೇಟೆಯ ಯಾವ ಮನೆಗೂ ನೆಂಟಳಾಗಿ ಹೋಗದೆ ಕೊಪ್ಪಕ್ಕೆ ಮರಳುತ್ತಾಳೆ. ದೂರವನ್ನು ಮೈಲಿಯಲ್ಲಿ ಅಳೆಯುವ ಕೋಲಿಗೆ ಈ ದೂರ ಸಿಕ್ಕುವುದಿಲ್ಲ.

ಹೆಸರಿನದ್ದು ಇನ್ನೊಂದು ತೊಡಕು. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ಇವರನ್ನು ಹಾಲ್ವಕ್ಕಿ ವಕ್ಕಲ್ ಎಂದು ಬೇಸಾಯಗಾರರ ಗುಂಪಿನಲ್ಲಿ ಬರೆದುಕೊಂಡಿತು. ಒಕ್ಕಲಿಗ ಎಂದರೆ ಇಲ್ಲಿ ಒಕ್ಕಲುತನ ಮಾಡುವವನು ಎಂಬಷ್ಟೇ ಅರ್ಥ. ಆದರೆ 1956ರಲ್ಲಿ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಒಕ್ಕಲಿಗ, ಗೌಡ ಎಂಬ ಪದಗಳು ವಿಧಾನಸೌಧದಲ್ಲಿ ಬೇರೆಯೇ ತೂಕದ ಪದಗಳಾಗಿದ್ದವು. ಹಳೆ ಮೈಸೂರಿನ ಪ್ರಬಲ ಸಮುದಾಯದೊಡನೆ ರಕ್ತಸಂಬಂಧವೂ ಇಲ್ಲದ, ರಾಜಕೀಯ ಸಂಬಂಧವೂ ಇಲ್ಲದ ಜನ ಅದೇ ಹೆಸರು ಹೊತ್ತ ಕಾರಣಕ್ಕೆ ಪ್ರತಿ ಬಾರಿಯೂ ತಾವು ಅವರಲ್ಲ ಎಂಬಲ್ಲಿಂದ ಮಾತು ಶುರುಮಾಡಬೇಕಾಗುತ್ತದೆ. ಅದೇ ಜಿಲ್ಲೆಯ ಸಿದ್ದಿಗಳು 2003ರ ಜನವರಿಯಲ್ಲಿ ಪಟ್ಟಿ ಸೇರಿದರು. ಅದೇ ತಿದ್ದುಪಡಿಯಲ್ಲಿ ಗೋವಾದ ಕುಣಬಿ, ಗಾವಡ, ವೇಳಿಪರೂ ಸೇರಿದರು. ಗಡಿಯ ಈಚೆ ಜೋಯಿಡಾದ ಕುಣಬಿಗಳು ಸೇರಲಿಲ್ಲ. ಕಾಡು ಒಂದೇ, ಬದುಕು ಒಂದೇ, ನೆಂಟಸ್ತಿಕೆಯೂ ಇದೆ; ರಾಜ್ಯದ ಗಡಿ ಮಾತ್ರ ಎರಡು ಮಾಡಿತು.

ಬೇಡಿಕೆಗೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಪಟ್ಟಿ ಬೆಳೆದಂತೆ ಈಗಾಗಲೇ ಅದರಲ್ಲಿರುವ ಸಣ್ಣ ಸಮುದಾಯಗಳ, ಉದಾಹರಣೆಗೆ ಕೊರಗರ, ಜೇನುಕುರುಬರ ಪಾಲು ತೆಳುವಾಗುತ್ತದೆ ಎಂಬುದು ನಿಜವಾದ ಆತಂಕ. ಪಟ್ಟಿಗೆ ಸೇರಿಸುವ ಭರವಸೆ ಚುನಾವಣೆಯಿಂದ ಚುನಾವಣೆಗೆ ಹೊಸದಾಗುತ್ತ, ಕೆಲಸವಾಗದೆ ಉಳಿಯುವುದೂ ಎಲ್ಲರೂ ಕಂಡದ್ದೇ. ಆದ್ದರಿಂದ ಎಲ್ಲ ಭಾರವನ್ನೂ ಆ ಒಂದು ಕಡತದ ಮೇಲೆ ಹೇರುವುದು ಜಾಣತನವಲ್ಲ ಎಂದು ನನ್ನ ಅಭಿಪ್ರಾಯ. ಪಟ್ಟಿಗೆ ಸೇರುವ ಮೊದಲೂ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ, ಆ ಮಾತಿಗೆ ಮತ್ತೆ ಬರುತ್ತೇನೆ.

ಏಕೆಂದರೆ ನೆಲ ಕಡತಕ್ಕಾಗಿ ಕಾಯುತ್ತ ಕೂತಿಲ್ಲ. ಕಾರವಾರದ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಎದ್ದುಹೋಗಿ ದಶಕಗಳಾದವು. ಪರಿಹಾರದ ವ್ಯಾಜ್ಯ ಒಂದು ತಲೆಮಾರನ್ನೇ ನುಂಗಿತು. ಆಮೇಲೆ ಕೊಂಕಣ ರೈಲು, ಚತುಷ್ಪಥ ಹೆದ್ದಾರಿ. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಮೀನುಗಾರರು ಬೀದಿಗಿಳಿದು ವಿರೋಧಿಸುತ್ತಿರುವ ಬಂದರು, ಅಘನಾಶಿನಿಯ ನೀರನ್ನು ವೇದಾವತಿಗೆ ಒಯ್ಯುವ ಪ್ರಸ್ತಾಪ. ಕೊನೆಯದನ್ನು ಘಟ್ಟದ ಮೇಲಿನವರ ಪ್ರಶ್ನೆಯೆಂದು ತಿಳಿಯುವವರಿದ್ದಾರೆ. ಆದರೆ ಮಳೆಗಾಲದ ಸಿಹಿನೀರು ಕಡಿಮೆಯಾದರೆ ಗಜನಿಯ ಉಪ್ಪು ತೊಳೆಯುವುದು ಯಾರು? ಕಗ್ಗದ ಬೀಜ ಕಾಯುವುದು ಆ ನೀರಿಗಾಗಿಯೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದಾಗ, ಮಣ್ಣು ಗಂಗಾವಳಿಗೆ ಬಿದ್ದು ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಈ ದಡದ ಹೆದ್ದಾರಿಗಾಗಿ ಆದ ಕೆಲಸಕ್ಕೆ ಆ ಹೆದ್ದಾರಿ ಹಾಯದ ಆ ದಡದವರು ಬೆಲೆ ತೆತ್ತರು. ಗುಡ್ಡ, ಹೊಳೆ, ಗದ್ದೆ, ಮನೆ ಒಂದೇ ಹಿಡುವಳಿ ಎಂಬುದು ಆ ದಿನ ಎಲ್ಲ ಇಲಾಖೆಗಳಿಗೂ ಕೆಲವು ಗಂಟೆಗಳ ಕಾಲವಾದರೂ ಅರ್ಥವಾಗಿರಬೇಕು.

ಈ ನಡುವೆ ಕೊಪ್ಪದ ಹುಡುಗರು ಗೋವಾಕ್ಕೆ, ಬೆಂಗಳೂರಿಗೆ, ಗೋಕರ್ಣದ ರೆಸಾರ್ಟುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಸುಗ್ಗಿಗೆ ರಜೆ ಹಾಕಿ ಬರುತ್ತಾರೆ, ತುರಾಯಿ ಹೊರುತ್ತಾರೆ, ಮರಳುತ್ತಾರೆ. ಅವರನ್ನು ಊರಲ್ಲೇ ಇರಿ ಎನ್ನುವ ಅಧಿಕಾರ ಪೇಟೆಯಲ್ಲಿ ಕೂತು ಬರೆಯುವ ನನ್ನಂಥವರಿಗೆ ಇಲ್ಲ. ಆದರೆ ಮರಳಿ ಬರಬೇಕೆನಿಸಿದಾಗ ಬರಲು ಒಂದು ತುಂಡು ಗದ್ದೆ ಹೆಸರಿನಲ್ಲಿದೆಯೇ ಎಂಬುದು ಬೇರೆ ಮಾತು.

ಆಗಲೇ ಹೇಳಿದ ಅರಣ್ಯ ಹಕ್ಕು ಕಾಯ್ದೆಗೆ ಮರಳುತ್ತೇನೆ. ಅದರ ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿ ಒಂದಿದೆ, ಹದಿಮೂರನೆಯ ನಿಯಮ. ಸರ್ಕಾರಿ ದಾಖಲೆಗಳು ಅದರಲ್ಲಿ ಒಂದು ಬಗೆಯ ಸಾಕ್ಷ್ಯ ಮಾತ್ರ. ಮನೆ, ಒಡ್ಡು, ಸಮಮಾಡಿದ ನೆಲ, ಬಾವಿ, ಸ್ಮಶಾನ, ದೇವರ ಜಾಗ ಇವೂ ಸಾಕ್ಷ್ಯವಾಗುತ್ತವೆ. ಅರ್ಜಿದಾರನಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಯಾವುದೋ ಒಂದೇ ಬಗೆಯ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಎಂದರೆ ಕಾನೂನು ಕಟ್ಟನ್ನೂ ಕರಿದೇವರ ಬನವನ್ನೂ ಸುಗ್ಗಿಯ ದಾರಿಯನ್ನೂ ಓದಬಲ್ಲದು, ಹಾಡಿನಲ್ಲಿ ಬರುವ ಗುಡ್ಡದ ಹೆಸರನ್ನೂ ಕೇಳಬಲ್ಲದು. ಅದನ್ನು ಜಾರಿಮಾಡುವ ಮೇಜಿನ ಮೇಲೆ ಮಾತ್ರ ಎಪ್ಪತ್ತೈದು ವರ್ಷದ ಕಾಗದ ಎಲ್ಲಿ ಎಂಬ ಪ್ರಶ್ನೆ ಬೇರೂರಿದೆ, ಮತ್ತು ಅರಣ್ಯವಾಸಿಗಳ ಅರ್ಜಿಗಳು ಆ ಪ್ರಶ್ನೆಯ ಮುಂದೆ ರಾಶಿರಾಶಿಯಾಗಿ ತಿರಸ್ಕೃತವಾಗಿವೆ. 2019ರ ಫೆಬ್ರವರಿಯಲ್ಲಿ, ಹೀಗೆ ತಿರಸ್ಕೃತರಾದವರನ್ನು ತೆರವುಗೊಳಿಸಬೇಕೆಂದು ಆದೇಶಿಸಿದ ಸುಪ್ರೀಂ ಕೋರ್ಟು ಎರಡೇ ವಾರದಲ್ಲಿ ಆ ಆದೇಶವನ್ನು ತಡೆಹಿಡಿಯಿತು. ಅಂದಿನಿಂದ ಸಾವಿರಾರು ಮನೆಗಳು ಆ ತಡೆಯಾಜ್ಞೆಯ ನೆರಳಲ್ಲೇ ಇವೆ.

ಹಿರಿಯರ ಹೇಳಿಕೆ ಬರೆದುಕೊಳ್ಳಲು ಬೇಕಾದದ್ದು ಗ್ರಾಮ ಅರಣ್ಯ ಹಕ್ಕು ಸಮಿತಿಯ ಒಂದು ಸಭೆ, ಒಂದು ಖಾಲಿ ಹಾಳೆ, ಕೇಳುವ ತಾಳ್ಮೆಯಿರುವ ಒಬ್ಬ ಗುಮಾಸ್ತ. ತುಳಸಿ ಗೌಡರು ಮತ್ತು ಸುಕ್ರಿ ಗೌಡರು ಹೋದ ಮೇಲೂ ಪ್ರತಿ ಕೊಪ್ಪದಲ್ಲಿ 1940ರ ದಶಕದ ಗುಡ್ಡವನ್ನು ಕಣ್ಣಾರೆ ಕಂಡ ಒಬ್ಬಿಬ್ಬರು ಇನ್ನೂ ಜಗಲಿಯ ಮೇಲೆ ಕೂತಿದ್ದಾರೆ. ಅವರು ಹೇಳಿದ್ದು ಹಾಳೆಗೆ ಇಳಿದು, ಕೆಳಗೆ ಅವರ ಹೆಬ್ಬೆಟ್ಟಿನ ಗುರುತು ಬಿದ್ದರೆ, ಕಾಯ್ದೆಯ ಪ್ರಕಾರ ಅದೂ ದಾಖಲೆ.